ಬಾವಿಗೆ ಕೊಟ್ಟ ನಂಬರು

ದಿಗ್ಗೇವಾಡಿಯ ಬಾಳಾಸಾಬನಿಗೆ ಹೊಸ ಯಂತ್ರ ಕಂಡರೆ ಕೈ ಸುಮ್ಮನಿರುವುದಿಲ್ಲ. ಓಣಿಯಲ್ಲಿ ಮೊದಲು ರಿಮೋಟಿನ ಫ್ಯಾನು ತಂದವನು ಅವನೇ. ರಿಮೋಟು ಕಳೆದುಕೊಂಡು ಬೇಸಿಗೆಯೆಲ್ಲ ರಟ್ಟಿನಿಂದ ಗಾಳಿ ಹಾಕಿಕೊಂಡವನೂ ಅವನೇ. ಹೆಂಡತಿ ತಾರವ್ವನ ಫೋನು ನಿಧಾನವಾಯಿತೆಂದು ರಿಪೇರಿಗೆ ಕೂತು, ಅದನ್ನು ಪೂರ್ತಿ ಮಲಗಿಸಿಬಿಟ್ಟ. ಅಂದಿನಿಂದ ಮನೆಗೆಲ್ಲ ಒಂದೇ ಫೋನು. "ನನ್ನ ತಲಿ ಭಾಳ ಫಾಸ್ಟ್ ಐತಿ, ಮಶೀನು ತಡಕೊಳ್ಳೂದಿಲ್ಲ" ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಂಡು, ನಗುವವರಿಗಿಂತ ಮೊದಲು ತಾನೇ ನಗುವುದು ಅವನ ರೂಢಿ.

ನಗು ಬರದ ವಿಷಯ ಒಂದೇ ಒಂದಿತ್ತು. ಅದು ಕಾಗವಾಡಕ್ಕೆ ಕೊಟ್ಟ ಅಕ್ಕ ಅನುಸೂಯಾಳದು.

ಈ ವರ್ಷ ಅಕ್ಕನ ಮಗ ವಿಕ್ರಾಂತನ ಮದುವೆಯಾಯಿತು. ಮದುವೆಯ ಮೊದಲ ಕಾರ್ಡು ಸೋದರಮಾವನಿಗೆ ಸಲ್ಲಬೇಕು. ಮನೆಗೆ ಬಂದು, ಕುಂಕುಮ ಹಚ್ಚಿ, ಅಕ್ಷತೆ ಕೈಗಿಟ್ಟು ಕರೆಯಬೇಕು. ಬಾಳಾಸಾಬನಿಗೆ ಕಾರ್ಡು ಬಂದದ್ದು ವಾಟ್ಸಾಪಿನಲ್ಲಿ, ಅದೂ ವಿಕ್ರಾಂತನ ಫೋನಿನಿಂದ. ಬೆಳಗಾದರೆ ಊರಿಗೆಲ್ಲ ಗುಲಾಬಿ ಹೂವಿನ ಚಿತ್ರ ಕಳಿಸಿ ಶುಭೋದಯ ಹೇಳುವ ಮನುಷ್ಯ, ತನಗೆ ಬಂದ ಆ ಒಂದು ಚಿತ್ರಕ್ಕೆ ಕೆಂಡವಾದ. ಮದುವೆಗೆ ತಾನೂ ಹೋಗಲಿಲ್ಲ, ತಾರವ್ವನನ್ನೂ ಬಿಡಲಿಲ್ಲ. ಅಕ್ಕನೇ ಫೋನು ಮಾಡಿ, ಯಾಕೆ ಬರಲಿಲ್ಲ ಎಂದು ಕೇಳಬೇಕು, ಆಗ ಎಲ್ಲ ಹೇಳಿಬಿಡಬೇಕು ಎಂದು ಕಾಯುತ್ತ ಕೂತ.

ಕಾಯುತ್ತಿರುವಾಗಲೇ ಕೈ ಮತ್ತೆ ತುರಿಸಿತು. ಹೊಲದ ಬಾವಿಯ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ. ಅದೊಂದು ಡಬ್ಬಿ, ಒಳಗೊಂದು ಸಿಮ್ಮು. ಆ ನಂಬರಿಗೆ ಫೋನು ಹಚ್ಚಿದರೆ ಒಂದು ಹೆಣ್ಣು ದನಿ, ಮೋಟಾರು ನಿಂತಿದೆ, ಚಾಲೂ ಮಾಡಲು ಒಂದು ಒತ್ತಿ ಎಂದು ಹಿಂದಿಯಲ್ಲಿ ಹೇಳುತ್ತದೆ. ಒತ್ತಿದರೆ ನೀರು. ಬಾವಿಯ ಹತ್ತಿರ ರೇಂಜು ಸಿಗುವುದು ಬಾಳಾಸಾಬನ ಹಳೆಯ ಸಿಮ್ಮಿಗೆ ಮಾತ್ರ. ಹಾಗಾಗಿ ವರ್ಷಗಟ್ಟಲೆ ಬಳಸಿದ ತನ್ನ ನಂಬರನ್ನು ಬಾವಿಗೆ ಕೊಟ್ಟು, ತಾನು ಹೊಸ ನಂಬರು ತೆಗೆದುಕೊಂಡ.

ಡಬ್ಬಿ ಮಾರಿದವನು ರಾಯಬಾಗದ ಶಾರುಖ. "ಕಾಕಾ, ನಿಮ್ಮ ಫೋನಿಗಷ್ಟ ಚಾಲೂ ಆಗೂಹಂಗ ಲಾಕ್ ಮಾಡ್ಲೇನ್ರಿ?" ಎಂದು ಕೇಳಿದ್ದ.

"ಬ್ಯಾಡೋಪಾ. ನನ್ನ ಫೋನಿನ್ಯಾಗ ಚಾರ್ಜ್ ಯಾವಾಗ ಇರ್ತೈತಿ? ಮಂದಿ ಫೋನಿಂದ ಹಚ್ಚಿದ್ರೂ ನೀರು ಬರಬೇಕು."

ಹೊಸ ನಂಬರನ್ನು ಊರಿಗೆಲ್ಲ, ನೆಂಟರಿಗೆಲ್ಲ ತಿಳಿಸಿದ. ಅಕ್ಕನ ಹೆಸರು ಬಂದಾಗ ಬೆರಳು ತಡೆಯಿತು. ಬೇಕಾದರೆ ಅವಳೇ ಕೇಳಲಿ ಎಂದು ಮುಂದೆ ಸರಿಸಿದ. ಎಲ್ಲಿಗೆ ಹಚ್ಚಿ ಕೇಳಬೇಕು ಎನ್ನುವುದು ಆ ಫಾಸ್ಟ್ ತಲೆಗೆ ಹೊಳೆಯಲೇ ಇಲ್ಲ.

ಶ್ರಾವಣ ಬಂತು. ಪಂಚಮಿಗೆ ಅಕ್ಕನನ್ನು ಕರೆತರಲು ಹೋಗುವುದು ಪ್ರತಿವರ್ಷದ ಪದ್ಧತಿ. "ಈ ಸಲ ಕರಿಯಾಕ ಹೋಗ್ತೀರೋ ಇಲ್ಲೋ?" ಎಂದು ತಾರವ್ವ ಕೇಳಿದಳು.

"ಆಕಿ ಒಂದು ಫೋನ್ ಮಾಡ್ಲಿ. ನಿಂತ ಕಾಲ ಮ್ಯಾಲ ಹೋಗ್ತೀನಿ."

"ಈ ಪಂಚಮಿಗೂ ಕರೀಲಿಲ್ಲಂದ್ರ ತವರು ಮುಗೀತು ಅಂತ ತಿಳಕೋತಾರ್ರಿ ಅವರು."

ಆ ಮಾತು ಬಾಳಾಸಾಬನ ಎದೆಗೆ ನಾಟಿತು. ನಾಟಿದ್ದರೂ ಎದ್ದು ಹೋಗಲಿಲ್ಲ. ಫೋನಿನ ಸದ್ದನ್ನು ಪೂರ್ತಿ ಏರಿಸಿಟ್ಟ. ಅದು ಬಡಿದುಕೊಂಡಾಗಲೆಲ್ಲ ಕೊಟ್ಟಿಗೆಯ ಎಮ್ಮೆ ಬೆಚ್ಚುತ್ತಿತ್ತು, ಇವನು ಓಡುತ್ತಿದ್ದ. ಆ ಕಡೆ ಇರುತ್ತಿದ್ದದ್ದು ಸಾಲ ಬೇಕೇ ಎಂದು ಕೇಳುವ ಹುಡುಗಿ.

ಅದರ ಮೇಲೆ ಮೋಟಾರಿನ ಕಾಟ ಬೇರೆ. ಮಳೆ ಹಿಡಿದು ಅರಿಷಿಣದ ಹೊಲವೆಲ್ಲ ತೊಯ್ದಿದ್ದರೂ ಮೋಟಾರು ತನ್ನಷ್ಟಕ್ಕೆ ತಾನೇ ಚಾಲೂ ಆಗುತ್ತಿತ್ತು. "ಮುಗಿಲು ಹಾಕೂ ನೀರು ಸಾಲಲಿಲ್ಲೇನೋ ನಿನಗ? ಅರಿಷಿಣ ಕೊಳಸ್ತೀ ನೋಡು" ಎಂದು ಪಕ್ಕದ ಹೊಲದ ಮಾಳಸಿದ್ದ ಬದುವಿನ ಮೇಲೆ ನಿಂತು ನಕ್ಕ. ಬಾಳಾಸಾಬ ಡಬ್ಬಿ ಕಿತ್ತು ಚೀಲಕ್ಕೆ ಹಾಕಿಕೊಂಡು ರಾಯಬಾಗಕ್ಕೆ ನಡೆದ.

"ಎಂಥಾ ಹುಚ್ಚು ಮಶೀನು ಕೊಟ್ಟಿಯೋ ನನಗ?"

ಶಾರುಖ ಡಬ್ಬಿ ಬಿಚ್ಚಿ, ತಿರುಗಿಸಿ ನೋಡಿದ. "ಮಶೀನು ಬರೋಬರಿ ಐತ್ರಿ ಕಾಕಾ. ಯಾರೋ ಫೋನ್ ಹಚ್ಚಾಕತ್ತಾರ." ಸಿಮ್ಮು ತೆಗೆದು, ಅಂಗಡಿಯಲ್ಲಿದ್ದ ಒಂದು ಫೋನಿಗೆ ಹಾಕಿ ಮೇಜಿನ ಮೇಲಿಟ್ಟ. "ಕೂಡ್ರಿ. ಯಾರು ಅಂತ ನೋಡೇಬಿಡೂಣು."

ಚಹಾ ಮುಗಿಯುವ ಮೊದಲೇ ಫೋನು ಹೊಡೆಯಿತು. ತೆರೆಯ ಮೇಲೆ ಹೆಸರಿರಲಿಲ್ಲ, ನಂಬರು ಮಾತ್ರ. ಬಾಳಾಸಾಬನಿಗೆ ಬಾಯಿಪಾಠವಿದ್ದ ನಂಬರು. ಎತ್ತಿ ಕಿವಿಗಿಟ್ಟುಕೊಂಡ. ಆ ಕಡೆಯಿಂದ ಗುಂಡಿ ಒತ್ತಿದ ಸದ್ದು ಬಂತು.

"ಅಕ್ಕಾ, ನಾನು."

"ಬಾಳ್ಯಾ? ಆ ಹಿಂದಿ ಹೆಣ್ಮಗಳು ಎಲ್ಲಿ ಹೋದ್ಳೋ?"

"ಇಷ್ಟು ದಿನ ಮೋಟಾರು ಚಾಲೂ ಮಾಡಿದಾಕಿ ನೀನ ಏನಕ್ಕ?"

"ನಿನ್ನ ಕೂಡ ಮಾತಾಡಬೇಕಂತ ಹಚ್ಚಿದ್ರ ಆಕಿ ಎತ್ತಿದ್ಲು. ಸೊಸಿ ಕಿವಿಗೊಟ್ಟು ಕೇಳಿ, ಅದು ಬಾವಿ ಮೋಟಾರಂತ ಹೇಳಿದ್ಲು. ತಮ್ಮ ಮಾತು ಬಿಟ್ಟಾನ, ಅಪ್ಪನ ಬಾವಿನಾದ್ರೂ ಮಾತಾಡ್ತೈತಲ್ಲ ಅನಿಸ್ತು. ಜೀವಕ್ಕ ಬ್ಯಾಸರಾದಾಗೊಮ್ಮೆ ಒಂದು ಒತ್ತತೀನಿ. ಅಲ್ಲಿ ನೀರು ಹರೀತಿದ್ದೀತು ಅಂತ ಸಮಾಧಾನ ಆಗ್ತೈತಿ."

ಅರಿಷಿಣ ಕೊಳೆಯುತ್ತಿದೆ ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡ. ಬಾಯಿಗೆ ಬಂದದ್ದು ಬೇರೆ. "ಮದುವಿ ಕಾರ್ಡು ಮೊಬೈಲ್ದಾಗ ಕಳಿಸಿದಿ ನೀ."

"ನಾನ? ನನ್ನ ಹತ್ರ ಗುಂಡಿ ಫೋನ್ ಐತೋ ಹುಚ್ಚಾ! ನನಗ ಮೊಣಕಾಲು ಬ್ಯಾನಿ. ಮಾಮಾಗ ಕೈಮುಟ್ಟಿ ಕೊಟ್ಟು ಬಾ ಅಂತ ವಿಕ್ರಾಂತಗ ಹೇಳಿದ್ದೆ, ಕೊಟ್ಟೆ ಅಂದ. ಕಡೀತನಕಾ ಹಂದರದ ಬಾಗಲಿಗೇ ಕಣ್ಣಿಟ್ಟಿದ್ದೆ ನಾ."

ಆ ಗುಂಡಿ ಫೋನನ್ನು ಅಕ್ಕನಿಗೆ ಕೊಡಿಸಿದವನು ಬಾಳಾಸಾಬನೇ. ವಾಟ್ಸಾಪೇ ಇಲ್ಲದ ಅಕ್ಕನ ಮೇಲೆ ವಾಟ್ಸಾಪಿನ ಸಿಟ್ಟು ಮಾಡಿಕೊಂಡು, ನಂಬರೂ ಕೊಡದೆ, ಅವಳ ಫೋನಿಗೆ ಕಾಯುತ್ತ ಕೂತಿದ್ದ. ತನ್ನಂಥ ಶಾಣ್ಯಾ ಈ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ ಎನಿಸಿತು. ನಗಬೇಕೆಂದು ನೋಡಿದ, ಆಗದೆ ಅಂಗಿಯ ತೋಳಿನಿಂದ ಮೂಗೊರೆಸಿಕೊಂಡ.

"ಬಾಳ್ಯಾ? ಯಾಕ ಸುಮ್ಮನಾದಿ? ಅಳಾಕತ್ತೀಯೇನು?"

"ಇಲ್ಲಕ್ಕ. ರೇಂಜ್ ಇಲ್ಲ ಇಲ್ಲಿ."

ಶಾರುಖನ ಅಂಗಡಿಯ ಮಾಳಿಗೆಯ ಮೇಲೆಯೇ ಟವರು ನಿಂತಿತ್ತು. ಶಾರುಖ ತಲೆ ತಗ್ಗಿಸಿ ಡಬ್ಬಿಯ ಸ್ಕ್ರೂ ಹುಡುಕತೊಡಗಿದ.

"ರೇಂಜ್ ಇಲ್ಲಂದ್ರ ನೀನ ಬಾರಲಾ ತಮ್ಮಾ" ಎಂದಳು ಅನುಸೂಯಾ.

ಬಾಳಾಸಾಬ ಡಬ್ಬಿಯನ್ನು ಅಲ್ಲಿಯೇ ಬಿಟ್ಟು, ಕೆಸರುಗಾಲಲ್ಲೇ ಕಾಗವಾಡದ ಬಸ್ಸು ಹತ್ತಿದ.