ರೂತಮ್ಮ ಹೇಳಿದ ಕರುಳಿನ ಮಾತು

ರೂತಮ್ಮ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುತ್ತಿರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗಗಳ ಸದ್ದಿಗೆ ಪಕ್ಕದವರ ಮಾತೇ ಕೇಳುವುದಿಲ್ಲ. ಶುಕ್ರವಾರದ ಹೆಂಗಸರ ಕೂಟದಲ್ಲಿ ನಾವೆಲ್ಲ ಕಣ್ಣು ಬಿಗಿಯಾಗಿ ಮುಚ್ಚಿ, ಕೂಗಿ ಪ್ರಾರ್ಥಿಸುವವರು. ಅವರೊಬ್ಬರು ಮಾತ್ರ ಗೋಡೆಗೊರಗಿ ಒಬ್ಬೊಬ್ಬರ ಮುಖ ನೋಡುತ್ತ ಕೂತಿರುತ್ತಿದ್ದರು. ಯಾರೋ ಕೇಳಿದ್ದಕ್ಕೆ, "ಮುಚ್ಕೊಂಡ್ರೆ ಯಾರು ಅಳ್ತಾವ್ರೆ ಅಂತ ನಂಗೆ ಹೆಂಗಮ್ಮ ಗೊತ್ತಾಗ್ಬೇಕು?" ಎಂದಿದ್ದರು.

ಅವರ ಗಂಡ ನಮ್ಮ ಚರ್ಚಿನ ಸಭಾಪಾಲಕರು, ಗ್ರೀಕ್ ಓದಿದ್ದವರು. ತೀರಿಹೋಗಿ ಬಹಳ ವರ್ಷವಾಗಿತ್ತು. "ನಂದು ಸೊಪ್ಪು ಬಿಡಿಸ್ತಾ ಕಲ್ತ ಗ್ರೀಕ್ ಕಣ್ರೇ. ಅವ್ರು ಪ್ರಸಂಗ ಬರೆಯೋರು, ನಾನು ಪಕ್ಕದಲ್ಲಿ ದಂಟು ಬಿಡಿಸೋಳು. ಐದಾರು ಪದ ಅಂಟ್ಕೊಂಡವೆ," ಎಂದು ನಗುತ್ತಿದ್ದರು. ಅದರಲ್ಲಿ ಒಂದರ ಮೇಲೆ ಅವರಿಗೆ ಬಲು ಪ್ರೀತಿ. ನಾಯಿನೆಂಬ ಊರಿನಲ್ಲಿ ವಿಧವೆಯೊಬ್ಬಳ ಒಬ್ಬನೇ ಮಗನ ಹೆಣವನ್ನು ಹೊತ್ತೊಯ್ಯುವಾಗ ಯೇಸುಸ್ವಾಮಿ ಆಕೆಯನ್ನು ಕಂಡು ಕನಿಕರಪಟ್ಟು, ಮಗನನ್ನು ಎಬ್ಬಿಸಿಕೊಟ್ಟ ಎಂದು ಬೈಬಲಿನಲ್ಲಿ ಓದುತ್ತೇವಲ್ಲ, ಗ್ರೀಕ್‌ನಲ್ಲಿ ಆ 'ಕನಿಕರ'ದ ಜಾಗದಲ್ಲಿರುವುದು ಕರುಳಿನ ಮಾತಂತೆ. 'ಸ್ಪ್ಲಾಂಕ್ನ' ಎಂದರೆ ಕರುಳು.

"ಅಯ್ಯೋ ಪಾಪ ಅಂದು ಮುಂದಕ್ಕೆ ಹೋಗೋದಲ್ಲ ಅದು. ಒಳಗೆ ಹಿಂಡ್ಬೇಕು, ನಿಂತಲ್ಲಿ ನಿಲ್ಲಾಕಾಗ್ಬಾರ್ದು. ಆಕಾಶ ಮಾಡಿದವ್ನಿಗೆ ಹೊಟ್ಟೆ ಒಳಗೆ ಸಂಕಟ ಆಯ್ತು ಕಣ್ರೇ, ಯಾವ್ಳೋ ಒಬ್ಳು ಬಡವಿಗಾಗಿ!"

ಆ ಮಾತನ್ನು ನಾನು ಗಟ್ಟಿಯಾಗಿ ನಂಬಿದ್ದೆ.

ನನ್ನ ಮಗಳು ಶೈನಿ ಎರಡನೇ ತರಗತಿಯಲ್ಲಿದ್ದಳು. ಜ್ವರವೆಂದು ಬೆಂಗಳೂರಿನ ಆಸ್ಪತ್ರೆಗೆ ಹೋದವಳನ್ನು ಐಸಿಯುಗೆ ಹಾಕಿದರು. ಕೂಟದವರು ಉಪವಾಸ ಕೂತರು. ಆಮೇಲೆ, ನಮ್ಮವರು ಮಾತ್ರ ಮಾಡಬಲ್ಲಂಥ ಒಂದು ಕೆಲಸ ಮಾಡಿದರು: ಮಗು ಗುಣವಾಯಿತೆಂದೇ ವಿಶ್ವಾಸವಿಟ್ಟು, ನಮ್ಮ ಮನೆಯಲ್ಲಿ ಭಾನುವಾರಕ್ಕೆ ಕೃತಜ್ಞತಾ ಕೂಟ ಗೊತ್ತುಮಾಡಿದರು. ಶಾಮಿಯಾನ ಹಾಕಿಸಿದರು, ಕೇಕಿಗೂ ಹೇಳಿದರು. ಬೇಡವೆಂದವರು ರೂತಮ್ಮ ಒಬ್ಬರೇ.

"ಮಗು ಮನೆಗೆ ಬರ್ಲಿ, ತಡೀರ್ರೇ."

"ನಿಮ್ಗೆ ವಿಶ್ವಾಸ ಇಲ್ಲ ರೂತಮ್ಮ," ಎಂದರಂತೆ ಕೂಟ ನಡೆಸುವ ಸರೋಜಮ್ಮ. "ಗ್ರೀಕು ಜಾಸ್ತಿ ಆಯ್ತು ನಿಮ್ಗೆ!"

"ಇರ್ಬೌದು ಕಣಮ್ಮ. ಆದ್ರೆ ಆ ತಾಯಿ ಹೊಟ್ಟೆ ಮೇಲೆ ಪೆಂಡಾಲ್ ಹಾಕ್ಬೇಡಿ."

ಶನಿವಾರ ಶೈನಿ ಹೋದಳು. ಅವಳನ್ನು ಮನೆಗೆ ತಂದಾಗ ಬಾಗಿಲಲ್ಲಿ ಕೆಂಪು ಹಳದಿ ಶಾಮಿಯಾನ ನಿಂತಿತ್ತು, ಬಲೂನು ಕಟ್ಟಿತ್ತು. ಬಿಚ್ಚಲು ಯಾರಿಗೂ ಕೈ ಬರಲಿಲ್ಲ. ರೂತಮ್ಮನೇ ಸ್ಟೂಲು ಹತ್ತಿ ಒಂದೊಂದೇ ಬಲೂನು ಬಿಚ್ಚಿ, ಸದ್ದಾಗದಂತೆ ಗಾಳಿ ಬಿಟ್ಟು, ಸೆರಗಿನಲ್ಲಿ ತುಂಬಿಕೊಂಡರು.

ಒಳಗೆ ಬಂದ ರೂತಮ್ಮನ ಕೈ ಹಿಡಿದು ಕೇಳಿದೆ: "ಆ ವಿಧವೆಗೋಸ್ಕರ ಹಿಂಡಿದ ಕರುಳು ನಂಗ್ಯಾಕೆ ಹಿಂಡ್ಲಿಲ್ಲಮ್ಮಾ?"

ಬೇರೆಯವರು ದೇವರ ಚಿತ್ತ ಎನ್ನುತ್ತಿದ್ದರು. ರೂತಮ್ಮ ಹೊಟ್ಟೆ ಅದುಮಿಕೊಂಡು ನನ್ನ ಪಕ್ಕ ಕುಸಿದರು. "ನಂಗೊತ್ತಿಲ್ಲ ಕಣೇ ಗ್ರೇಸಿ. ಸತ್ಯವಾಗ್ಲೂ ಗೊತ್ತಿಲ್ಲ."

ಆಮೇಲೆ ಕೂಟದಲ್ಲಿ ಅವರು ಆ ಪದ ಎತ್ತಲೇ ಇಲ್ಲ. ದಿನವೂ ಬಂದು ನನ್ನ ತಲೆ ಬಾಚುತ್ತಿದ್ದರು, ಗಂಜಿ ಕುಡಿಸುತ್ತಿದ್ದರು. ಗಂಜಿ ಗಂಟಲಲ್ಲಿ ಇಳಿದ ದಿನ ಅದನ್ನೂ ಒಂದು ಕೃಪೆಯೆಂದು ಎಣಿಸಿಕೊಂಡೆ. ನಿದ್ದೆ ಬಂದರೆ ಅದೂ ಒಂದು. ಎಲ್ಲ ಕೂಡಿಸಿದರೂ ಬಾಗಿಲ ಹಿಂದೆ ಉಳಿದ ಶೈನಿಯ ಒಂದು ಚಪ್ಪಲಿಗೆ ಸಮನಾಗಲಿಲ್ಲ.

ವಯಸ್ಸಾಯಿತೆಂದು ರೂತಮ್ಮನ ತಮ್ಮ ಬಂದು ಅವರನ್ನು ದೇವನಹಳ್ಳಿಯಾಚೆಯ ಆವತಿಗೆ ಕರೆದೊಯ್ದ. ಬಸ್ಸು ಹತ್ತಿಸಲು ಹೋಗಿದ್ದೆ. ಕಿಟಕಿಯಿಂದ ಕೈ ಚಾಚಿ ನನ್ನ ಗಲ್ಲ ಹಿಡಿದರು.

"ನಿನ್ ಪ್ರಶ್ನೆ ದಿನಾ ಆತನ ಮುಂದೆ ಇಡ್ತೀನಿ. ಬಿಡಲ್ಲ. ಉತ್ತರ ಸಿಕ್ಕಿದ್ರೆ ಮೊದ್ಲು ನಿನ್ ಮನೆಗೇ ಬರ್ತೀನಿ."

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. "ಕೊನೆವರ್ಗೂ ಗೋಡೆ ಕಡೆ ತಿರುಗ್ಕೊಂಡು ಏನೋ ಕೇಳ್ತಾನೇ ಇದ್ರು ಕಣಮ್ಮ, ಯಾರ್ ಜೊತೆಗೋ ಜಗಳ ಆಡ್ದಂಗೆ," ಎಂದ ಅವರ ತಮ್ಮ.

ಉತ್ತರ ಸಿಕ್ಕಿರಲಾರದು. ಸಿಕ್ಕಿದ್ದರೆ, ಎದ್ದು ನಿಲ್ಲಲಾಗದಿದ್ದರೂ, ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸಿಕೊಂಡು ಅವರು ಬಂದೇ ಬರುತ್ತಿದ್ದರು.