ಇನ್ನೂ ಬಾರದ ಮಾಡೆಲ್

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ಮೊದಲು ಕೇಳುತ್ತಿದ್ದದ್ದು, ಅವತ್ತು ಏನು ತಿಂದಿದ್ರಿ ಅಂತ. ನನ್ನ ಕೆಲಸವೇ ಅಂಥದ್ದು. ಸಿಂಗಪುರದ ಆಂಗ್ ಮೋ ಕಿಯೋದ ಒಂದು ಕಂಪನಿಯಲ್ಲಿ ಹೊಸ ಉಪಕರಣಗಳನ್ನು ಟೆಸ್ಟ್ ಮಾಡುವ ಎಂಜಿನಿಯರ್ ನಾನು. ಎಲ್ಲಾ ಸರಿಯಾಗಿದೆ ಅಂತ ಯಾರಾದರೂ ಹೇಳಿದ ಕೂಡಲೇ ಎಲ್ಲೋ ಎಡವಟ್ಟಾಗಿದೆ ಅಂದುಕೊಳ್ಳುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಚೀನೀಯರ ಪಿತೃಗಳ ತಿಂಗಳಲ್ಲಿ ನಮ್ಮ ಕಟ್ಟಡದ ಕೆಳಗಿನ ಖಾಲಿ ಅಂತಸ್ತಾದ ವಾಯ್ಡ್ ಡೆಕ್ ಹತ್ತಿರ ಎಡೆ ಇಟ್ಟಿದ್ದರೆ ನನ್ನ ಗಂಡ ಸುತ್ತು ಬಳಸಿ ಲಿಫ್ಟಿಗೆ ಹೋಗುತ್ತಾರೆ. ನಾನು ನೆಟ್ಟಗೆ ಹೋಗುತ್ತೇನೆ. ಇಷ್ಟೆಲ್ಲಾ ಯಾಕೆ ಹೇಳಿದೆನೆಂದರೆ, ಮುಂದೆ ಬರೆಯುವುದನ್ನು ಓದಿ ನೀವು ನನ್ನನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಇದು 2010ರ ದಶಕದ ಕೊನೆಯ ವರ್ಷಗಳ ಮಾತು. ಆಗ ನನಗೊಂದು ಹುಚ್ಚು ಹತ್ತಿತ್ತು, ಮೆಟಲ್ ಡಿಟೆಕ್ಟರ್ ಹಿಡಿದುಕೊಂಡು ಬೀಚ್ ಸುತ್ತುವುದು. ಹತ್ತಿಸಿದವರು ಶ್ರೀಕಂಠ ಅಂಕಲ್. ಮೈಸೂರಿನವರು, ಇಲ್ಲಿಯ ಹಡಗು ರಿಪೇರಿ ಯಾರ್ಡಿನಲ್ಲಿ ಎಂಜಿನಿಯರ್ ಆಗಿ ರಿಟೈರ್ ಆಗಿ ವುಡ್‌ಲ್ಯಾಂಡ್ಸ್‌ನಲ್ಲಿ ಇದ್ದವರು. ಒಂದು ಕೋಲು, ಅದರ ತುದಿಗೆ ತಟ್ಟೆಯಂಥ ಕಾಯಿಲ್, ಕಿವಿಗೆ ಹೆಡ್‌ಫೋನ್. ಮರಳಿನ ಮೇಲೆ ಆಡಿಸುತ್ತಾ ಹೋದರೆ ಕೆಳಗೆ ಲೋಹ ಇದ್ದಲ್ಲಿ ಕುಂಯ್ ಅನ್ನುತ್ತದೆ. ಅಗೆದರೆ ಸಿಗುವುದು ಬಹುಪಾಲು ಬಿಯರ್ ಕ್ಯಾನಿನ ಕಿತ್ತ ಬಿಲ್ಲೆ. ಅಗೆದ ಗುಂಡಿಯನ್ನು ಮುಚ್ಚಿಯೇ ಮುಂದೆ ಹೋಗಬೇಕು, ಅದು ನಮ್ಮಲ್ಲಿ ಎಲ್ಲರೂ ಪಾಲಿಸುವ ಕಟ್ಟಳೆ. ನಾನು ಎಡಗಾಲಿನಿಂದ ಮರಳು ನೂಕಿ ಹಿಮ್ಮಡಿಯಲ್ಲಿ ತಟ್ಟಿ ಮುಚ್ಚುತ್ತಿದ್ದೆ. ಅದನ್ನು ನೋಡಿದಾಗಲೆಲ್ಲ ಅಂಕಲ್ "ಬಂದ್ರಪ್ಪ ಮೇಸ್ತ್ರಿ" ಅಂತ ರೇಗಿಸುತ್ತಿದ್ದರು.

ಈ ಹವ್ಯಾಸದವರಿಗೆಲ್ಲ ಒಂದು ರೋಗವಿದೆ. ಕೈಯಲ್ಲಿರುವ ಯಂತ್ರಕ್ಕಿಂತ ಬರಲಿರುವ ಯಂತ್ರದ ಮೇಲೆ ಪ್ರೀತಿ ಜಾಸ್ತಿ. ಹೊಸ ಮಾಡೆಲ್ ಬರುತ್ತದಂತೆ ಅನ್ನುವ ಸುದ್ದಿ ಕಿವಿಗೆ ಬಿದ್ದರೆ ಸಾಕು, ಹಳೆಯದರ ಬೆಲೆ ಬೀಳುವ ಮೊದಲೇ ಮಾರಿಬಿಡುತ್ತಾರೆ. ಅಂಕಲ್ಲೂ ಹಾಗೇ ಮಾಡಿದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ. ಹೊಸದು ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಅಂತ ಮುಂದಕ್ಕೆ ಹೋಗುತ್ತಲೇ ಇತ್ತು. ಅಂಕಲ್ ಕಂಪನಿ ಬಿಟ್ಟಿದ್ದ ವಿಡಿಯೋ ನೋಡಿಕೊಂಡು ಬರಿಗೈಲಿ ಕುಳಿತಿದ್ದರು.

ಹೀಗಿರುವಾಗಲೇ ಅವರ ಹೆಂಡತಿ ಸುಮಿತ್ರಾ ಆಂಟಿ ತಾಳಿ ಕಳೆದುಕೊಂಡರು. ನಮ್ಮ ಕಡೆ ಮಾಂಗಲ್ಯದ ಸರದಲ್ಲಿ ಎರಡು ತಾಳಿ ಇರುತ್ತವಲ್ಲ, ತವರಿನದೊಂದು, ಅತ್ತೆಮನೆಯದೊಂದು. ಸೆಂಬವಾಂಗ್ ಬೀಚಿಗೆ ಮಗಳು, ಮೊಮ್ಮಕ್ಕಳ ಜೊತೆ ಹೋಗಿ ನೀರಿನಲ್ಲಿ ಆಡಿ ಮನೆಗೆ ಬಂದು ನೋಡಿದರೆ ತವರಿನದು ಮಾತ್ರ ಉಳಿದಿತ್ತು. ಅತ್ತೆಮನೆಯದರ ಕೊಂಡಿ ಸವೆದು ಬಿದ್ದುಹೋಗಿತ್ತು. ಆಂಟಿ ಅಳಲಿಲ್ಲ. ಆ ಜಾಗಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡು ಸುಮ್ಮನಾದರು. ಆದರೆ ಅಂಕಲ್‌ಗೆ ಬೈಪಾಸ್ ಆಗಲೇಬೇಕು ಅಂತ ಡಾಕ್ಟರು ಅದೇ ವಾರ ಹೇಳಿದರು. ಆಗ ಆಂಟಿ, "ಅದು ಸಿಗೋವರ್ಗೂ ಇವರ ಎದೆ ಕೊಯ್ಯಕ್ಕೆ ನಾನು ಬಿಡಲ್ಲ" ಅಂದುಬಿಟ್ಟರು.

"ಲಿಟಲ್ ಇಂಡಿಯಾದಲ್ಲಿ ಹೊಸದು ಮಾಡಿಸಿಕೊಡ್ತಾರಲ್ಲ ಆಂಟಿ" ಅಂದೆ. ಅವರು ನನ್ನನ್ನು ನೋಡಿದ ರೀತಿಗೆ ಮತ್ತೆ ಆ ಮಾತು ಎತ್ತಲಿಲ್ಲ. ನನ್ನ ಅನುಮಾನ ಇದ್ದದ್ದು ಅಂಕಲ್ ಮೇಲೆ. ಜೀವನವಿಡೀ ಸೈನ್ಸ್ ಮಾತಾಡಿದ ಮನುಷ್ಯ ಹೆಂಡತಿಯ ಈ ಮಾತಿಗೆ ಯಾಕಿಷ್ಟು ಸುಲಭವಾಗಿ ತಲೆಬಾಗಿದರು? ಅವರಿಗೆ ಆಪರೇಷನ್ ಅಂದರೆ ಜೀವಭಯ, ತಾಳಿ ಒಂದು ನೆವ ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಏನೇ ಇರಲಿ, ದಿನ ಕಳೆದ ಹಾಗೆ ಅವರು ಎರಡು ಮಾತಾಡಿ ಒಂದು ಸಲ ಉಸಿರು ಎಳೆದುಕೊಳ್ಳುವಂತಾಯಿತು. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ನನ್ನ ಡಿಟೆಕ್ಟರ್ ತೆಗೆದುಕೊಂಡು ಎಷ್ಟು ಸಲ ಹೋದೆವೋ ಲೆಕ್ಕವಿಲ್ಲ. ಹಳೆಯ ಯಂತ್ರಗಳಿಗೆ ಉಪ್ಪುನೀರು ಕುಡಿದ ಮರಳು ಆಗಿಬರುವುದಿಲ್ಲ. ಏನೂ ಇಲ್ಲದೆಡೆ ಅರಚಿಕೊಳ್ಳುತ್ತವೆ, ಚಿಕ್ಕ ಚಿನ್ನ ಇದ್ದಲ್ಲಿ ಬಾಯಿ ಮುಚ್ಚಿಕೊಂಡಿರುತ್ತವೆ. ಹೊಸ ಮಾಡೆಲ್ಲಿನ ಹೆಚ್ಚುಗಾರಿಕೆಯೇ ಅದು, ಒದ್ದೆ ಮರಳಿನಲ್ಲಿ ಸಣ್ಣ ಚಿನ್ನ ಹಿಡಿಯುವುದು. ಹಾಗಾಗಿ ಅಂಕಲ್ ಅದಕ್ಕೆ ಕಾದರು, ಆಂಟಿ ತಾಳಿಗೆ ಕಾದರು, ಆಪರೇಷನ್ ಇಬ್ಬರಿಗೂ ಕಾಯುತ್ತಾ ಕುಳಿತಿತ್ತು.

ಆ ಸಂಜೆ ನೀರು ಬಹಳ ಇಳಿದಿತ್ತು. ಸೂರ್ಯ ಮುಳುಗಿ ಎದುರು ದಡದಲ್ಲಿ ಜೊಹೋರ್ ಕಡೆಯ ದೀಪಗಳು ಹೊತ್ತಿಕೊಂಡಿದ್ದವು, ಇನ್ನೂ ಕತ್ತಲಾಗಿರಲಿಲ್ಲ. ಆಂಟಿ ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಅಂಕಲ್. ನಾನು ಅರಚುವ ಯಂತ್ರದ ಜೊತೆ ಜಗಳವಾಡುತ್ತಿದ್ದೆ. ದೋಣಿ ನಿಲ್ಲುವ ಜೆಟ್ಟಿಯ ಕಡೆಯಿಂದ ಇನ್ನೊಬ್ಬರು ಯಾರೋ ನೀರಿನ ಅಂಚಿನಲ್ಲೇ ಡಿಟೆಕ್ಟರ್ ಆಡಿಸುತ್ತಾ ಬರುತ್ತಿದ್ದರು. ತಲೆಗೆ ಅಗಲವಾದ ಹ್ಯಾಟು, ಮುಖಕ್ಕೆ ಕಣ್ಣಿನವರೆಗೂ ಬಟ್ಟೆ, ಉದ್ದ ತೋಳು. ಬಿಸಿಲಿಗೆ ಹೆದರಿ ನಾವೆಲ್ಲ ಹಾಗೇ ಕಟ್ಟಿಕೊಳ್ಳುತ್ತೇವೆ. ಆದರೆ ಬಿಸಿಲೇ ಇಲ್ಲದ ಹೊತ್ತಿನಲ್ಲಿ ಯಾಕೆ ಅಂತ ನನಗೆ ಆಗಲೇ ಅನುಮಾನ ಬಂತು.

ಅಂಕಲ್ ಎದ್ದು ನಿಂತರು. "ಅದೇ ಕಣಮ್ಮ! ಅದೇ ಮಾಡೆಲ್ಲು!" ಅಂತ ಏದುಸಿರು ಬಿಡುತ್ತಾ ಹತ್ತಿರಕ್ಕೇ ನಡೆದರು.

ನಾನೂ ಹೋದೆ. ಯಂತ್ರ ನೋಡಿ ನನ್ನ ಅನುಮಾನ ಇಮ್ಮಡಿಯಾಯಿತು. ಇನ್ನೂ ಮಾರುಕಟ್ಟೆಗೇ ಬರದ ವಸ್ತು, ಕಂಪನಿಯವರು ಪರೀಕ್ಷೆಗೆ ಯಾರಿಗೋ ಕೊಟ್ಟಿರಬಹುದು, ಒಪ್ಪೋಣ. ಆದರೆ ಪರೀಕ್ಷೆಗೆ ಕೊಟ್ಟದ್ದು ವರ್ಷಗಟ್ಟಲೆ ದುಡಿದ ಹಾಗೆ ಸವೆದಿರುತ್ತದೆಯೇ? ಕೋಲಿನ ಬಣ್ಣ ಹೋಗಿತ್ತು, ಸ್ಕ್ರೀನಿನ ತುಂಬ ಗೀರು. ಮೊಣಕೈ ಇಡುವ ಕಡೆಯ ಪಟ್ಟಿ ಹರಿದುಹೋಗಿ, ಅದರ ಬದಲು ಹಸಿರು ಬಟ್ಟೆಯ ಚೂರೊಂದನ್ನು ಕಟ್ಟಿತ್ತು. ಮೆರೂನ್ ಅಂಚು, ಅಂಚಿನ ಪಕ್ಕದಲ್ಲಿ ಸುಟ್ಟ ಎರಡು ಪುಟ್ಟ ತೂತು. ಕುಂದು ಹುಡುಕುವುದು ನನ್ನ ಕಸುಬು, ನೋಡಿದ್ದು ಮರೆಯುವುದಿಲ್ಲ.

ಅಂಕಲ್ ಇಂಗ್ಲಿಷಿನಲ್ಲಿ ಏನೇನೋ ಕೇಳಿದರು. ಆ ವ್ಯಕ್ತಿ ಮಾತಾಡಲಿಲ್ಲ. ಯಂತ್ರವನ್ನು ಅಂಕಲ್ ಕೈಗೆ ಕೊಟ್ಟು, ಹೆಡ್‌ಫೋನ್ ಕೊಟ್ಟು, ಕೈ ನೀಡಿ ಒಂದು ಕಡೆ ತೋರಿಸಿತು. ನಾವು ಯಾವತ್ತೂ ಹುಡುಕದ ಜಾಗ, ಜೆಟ್ಟಿಯ ಬುಡದ ಕಡೆ. ಅಂಕಲ್ ಅಲ್ಲಿ ಕಾಯಿಲ್ ಆಡಿಸಿದರು, ನಿಂತರು, ಹಿಂದೆ ಮುಂದೆ ಮಾಡಿದರು. "ಇಲ್ಲಿ" ಅಂದರು. ನಾನು ಅಗೆದೆ. ಮೊದಲು ಬಂದದ್ದು ಕ್ಯಾನಿನ ಬಿಲ್ಲೆ. ಅದರ ಅಡಿಯಲ್ಲೇ ತಾಳಿ ಇತ್ತು.

ಆಂಟಿ ಕಟ್ಟೆಯಿಂದ ಓಡಿ ಬಂದರು. ನನಗೆ ತಕ್ಷಣ ಹೊಳೆದದ್ದು ಇಷ್ಟೇ: ಇದು ನಾಟಕ. ಅಪ್ಪನ ಆಪರೇಷನ್ ಆಗಲಿ ಅಂತ ಮಗಳು ಹೊಸದು ಮಾಡಿಸಿ, ಯಾರಿಗೋ ಹೇಳಿ ಹೂಳಿಸಿದ್ದಾಳೆ. ಆದರೆ ಆಂಟಿ ತಾಳಿಯನ್ನು ಸೆರಗಿನಲ್ಲಿ ಒರೆಸಿ, ಅದರ ಅಂಚಿನ ತಗ್ಗಿನ ಮೇಲೆ ಬೆರಳಿಟ್ಟು ಜೋರಾಗಿ ಅತ್ತರು. ಆ ಮಗಳೇ ಹಲ್ಲು ಬರುವ ಕಾಲದಲ್ಲಿ ಕಚ್ಚಿ ಮಾಡಿದ್ದ ಗುರುತು ಅದು. ಅಕ್ಕಸಾಲಿಗ ಎಲ್ಲ ಮಾಡಬಹುದು, ಅದನ್ನು ಮಾಡಲಾರ. ನನಗೂ ಕಣ್ಣು ತುಂಬಿತು. ನಾನೂ ಅಂಕಲ್ಲೂ ತಾಳಿಯನ್ನೇ ನೋಡುತ್ತಿದ್ದಾಗ ಆ ವ್ಯಕ್ತಿ ಗುಂಡಿ ಮುಚ್ಚಿ, ಯಂತ್ರ ಎತ್ತಿಕೊಂಡು ಹೊರಟುಹೋಗಿತ್ತು. ಕಾರ್ ಪಾರ್ಕಿಂಗ್ ಕಡೆ ಹೋಗಿ ನೋಡಿದೆ, ಯಾರೂ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಆಂಟಿ, "ಅವರು ಗುಂಡಿ ಮುಚ್ಚಿದ್ದು ನೋಡಿದ್ಯಾ? ಥೇಟ್ ನಿನ್ನ ಥರಾನೇ. ಎಡಗಾಲಲ್ಲಿ ನೂಕಿ, ಹಿಮ್ಮಡೀಲಿ ತಟ್ಟಿ" ಅಂದರು. ನನಗೆ ಸಿಟ್ಟು ಬಂತು. ಯಾಕೆ ಅಂತ ಈಗಲೂ ಗೊತ್ತಿಲ್ಲ.

ಅಂಕಲ್‌ಗೆ ಆಪರೇಷನ್ ಆಯಿತು. ಇನ್ನು ಸ್ವಲ್ಪ ತಡ ಮಾಡಿದ್ದರೆ ಕಷ್ಟವಿತ್ತು ಅಂದರಂತೆ ಡಾಕ್ಟರು. ಮಗಳನ್ನು ನಾನು ಬಿಡಲಿಲ್ಲ, ಅಡ್ಡಡ್ಡ ಪ್ರಶ್ನೆ ಹಾಕಿದೆ. "ಅಷ್ಟು ಬುದ್ಧಿ ನನಗಿದ್ದಿದ್ರೆ ಮೊದಲನೇ ವಾರಾನೇ ಮಾಡ್ತಿದ್ದೆ" ಅಂದಳು. ಹೊಸ ಮಾಡೆಲ್ ಕೊನೆಗೂ ಬಂದದ್ದು ಅಂಕಲ್ ಚೇತರಿಸಿಕೊಂಡು ಓಡಾಡುವ ಹೊತ್ತಿಗೆ. ಅವರ ಕಣ್ಣೆದುರೇ ನನ್ನ ಹಳೆಯದನ್ನು ಮಾರಿ ನಾನೂ ಒಂದು ತೆಗೆದುಕೊಂಡೆ. ಆ ಸಂಜೆಯದನ್ನು ಕಂಪನಿಯ ಪರೀಕ್ಷಕ ಅನ್ನುವ ಖಾನೆಗೆ ಸೇರಿಸಿ ಮರೆತೆ.

ಎರಡು ಮೂರು ವರ್ಷ ಉಪ್ಪುನೀರಿನಲ್ಲಿ ತಿರುಗಿ ನನ್ನ ಯಂತ್ರ ಸವೆಯಿತು. ಒಂದು ದಿನ ಮೊಣಕೈ ಪಟ್ಟಿ ಹರಿಯಿತು. ಆ ವಾರವಷ್ಟೇ ಗೌರಿ ಹಬ್ಬಕ್ಕೆ ಆಂಟಿ ತಾಂಬೂಲದ ಜೊತೆ ಒಂದು ರವಿಕೆ ಕಣ ಕೊಟ್ಟಿದ್ದರು. ಯಾರೂ ಹೊಲಿಸದೆ ಮನೆಯಿಂದ ಮನೆಗೆ ತಿರುಗುವ ಕಣಗಳಿರುತ್ತವಲ್ಲ, ಆ ಜಾತಿಯದು. ಹರಿದು ಪಟ್ಟಿ ಮಾಡಿ ಕಟ್ಟಿದೆ. ಹಸಿರು, ಮೆರೂನ್ ಅಂಚು. ನನ್ನಾಣೆ, ನನಗೆ ಆಗ ಏನೂ ಅನ್ನಿಸಲಿಲ್ಲ. ಡಿಟೆಕ್ಟರನ್ನು ದೇವರ ಶೆಲ್ಫಿನ ಕೆಳಗೆ ಒರಗಿಸಿಟ್ಟಿದ್ದೆ. ಕೆಲವು ದಿನ ಕಳೆದ ಮೇಲೆ ಊದುಬತ್ತಿ ಕಿಡಿ ಉದುರಿ ಬಟ್ಟೆ ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ ಅಂಚಿನ ಪಕ್ಕದಲ್ಲಿ ಎರಡು ಪುಟ್ಟ ತೂತು. ಬೀಚಿನಲ್ಲಿ ಆ ಸಂಜೆ ಕಂಡಿದ್ದ ಹಾಗೇ.

ನೆನಪು ಮೋಸ ಮಾಡುತ್ತದೆ, ಈಗ ನೋಡಿದ್ದನ್ನು ಆಗ ನೋಡಿದೆ ಅನ್ನಿಸುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಪರೀಕ್ಷೆ ಮಾಡಿಯೇಬಿಡೋಣ ಅಂತ, ಏನೂ ಸುಳಿವು ಕೊಡದೆ ಆಂಟಿಗೆ ಫೋನ್ ಮಾಡಿ, ಅವತ್ತಿನ ಯಂತ್ರದ ಮೇಲೆ ಏನಾದರೂ ಕಟ್ಟಿತ್ತಾ ಅಂತ ಕೇಳಿದೆ. "ಹಸಿರು ಬಟ್ಟೆ ಕಟ್ಟಿತ್ತಲ್ಲ, ಎರಡು ತೂತಿತ್ತು" ಅಂದರು. ಆಮೇಲೆ, "ನಿನಗೆ ಕಣ ಕೊಡೋವಾಗ್ಲೇ ಅದೇ ಬಣ್ಣ ಅನ್ನಿಸ್ತು. ನೀನು ನಗ್ತೀಯ ಅಂತ ಸುಮ್ಮನಾದೆ" ಅಂದರು. ಆ ಬಣ್ಣ ಅವರು ಬೇಕೆಂದೇ ಆರಿಸಿರಬಹುದು. ಆದರೆ ತೂತು ಸುಟ್ಟದ್ದು ನನ್ನ ಮನೆಯ ಕಿಡಿ.

ಆಮೇಲೆ ಎಷ್ಟೋ ಸಂಜೆ ನೀರು ಇಳಿದಾಗ ಸೆಂಬವಾಂಗ್‌ಗೆ ಹೋಗಿದ್ದೇನೆ. ಕಟ್ಟೆಯ ಮೇಲೆ ಯಾರಾದರೂ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದಾರಾ ಅಂತ ನೋಡುವಾಗ ಮುಖಕ್ಕೆ ಬಟ್ಟೆ ಎಳೆದುಕೊಳ್ಳುತ್ತೇನೆ. ಇದುವರೆಗೆ ಯಾರೂ ಕಂಡಿಲ್ಲ.

ಮೊನ್ನೆ ಅಂಕಲ್ ಫೋನ್ ಮಾಡಿದ್ದರು. ಈಗ ಅವರು ಒಂದೇ ಉಸಿರಿಗೆ ಹತ್ತು ಮಾತಾಡುತ್ತಾರೆ. "ಇನ್ನೊಂದು ಹೊಸ ಮಾಡೆಲ್ ಬರ್ತಿದೆಯಂತೆ ಕಣಮ್ಮ. ಬೆಲೆ ಬೀಳೋಕ್ಮುಂಚೆ ನಿಂದು ಮಾರ್ಬಿಡು" ಅಂದರು. ಹೂಂ ಅಂದೆ. ಮಾರಲಿಲ್ಲ. ಆ ಪಟ್ಟಿಯನ್ನೂ ಬದಲಾಯಿಸಿಲ್ಲ. ಈ ಯಂತ್ರ ಆ ಸಂಜೆಗೆ ಹೋಗಿಬಂದಾಗಿದೆಯೋ, ಇನ್ನು ಹೋಗಬೇಕಾಗಿದೆಯೋ ನನಗೆ ಗೊತ್ತಿಲ್ಲ. ಹೋಗದಿದ್ದರೆ ಅಂಕಲ್ ಗತಿ ಏನು ಅಂತ ಯೋಚಿಸಲೂ ಧೈರ್ಯವಿಲ್ಲ. ವಾರಕ್ಕೊಮ್ಮೆ ಅದನ್ನು ತಪ್ಪದೆ ಚಾರ್ಜಿಗೆ ಹಾಕುತ್ತೇನೆ.