ರಾಡು ನಾಗಣ್ಣ ಹೇಳಿದ ಸುಳ್ಳು

ತ್ರಾಸಿಯ ನಾಗು ಮರಕಾಲನನ್ನು ಜನ ರಾಡು ನಾಗಣ್ಣ ಎಂದೇ ಕರೆಯುವುದು. ಬಲತೊಡೆಯ ಮೂಳೆಯೊಳಗೆ ಉಕ್ಕಿನ ಸರಳು ಇಟ್ಟುಕೊಂಡು ದಿನಾ ಊರೂರು ಗಾಡಿ ಓಡಿಸುವವನನ್ನು ಇನ್ನೇನೆಂದು ಕರೆಯಬೇಕು ಹೇಳಿ? ಕಸುಬು ಮೀನು ಮಾರುವುದು. ಬೆಳಿಗ್ಗೆ ಗಂಗೊಳ್ಳಿ ಬಂದರಿನ ಏಲಂಗೆ ಹೋಗಿ, ಸಿಕ್ಕಿದ ಬಂಗುಡೆ, ಬೂತಾಯಿಯನ್ನು ಐಸಿನ ಜೊತೆ ಪೆಟ್ಟಿಗೆಗೆ ತುಂಬಿ, ಎಂ-80 ಗಾಡಿಯ ಹಿಂದೆ ಬಿಗಿದು, ನಾಡ, ಆಲೂರಿನ ಮನೆಗಳ ಮುಂದೆ ನಿಂತು ಪೋಂ ಪೋಂ ಒತ್ತುವುದು. ಅದು ಅವನ ಲೈನು. ಹೀಗೆ ಪೆಟ್ಟಿಗೆ ಕಟ್ಟಿಕೊಂಡು ಮೀನು ಮಾರುವ ಪೆಟ್ಟಿಗೆಯವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಲೈನು ಇರುತ್ತದೆ, ಒಬ್ಬರ ಲೈನಿಗೆ ಇನ್ನೊಬ್ಬರು ಕಾಲಿಡುವ ಹಾಗಿಲ್ಲ.

ಆದರೆ ಒಬ್ಬ ಬಿದ್ದನೆಂದರೆ ಮಾತು ಬೇರೆ. ಬಿದ್ದವನ ಗಾಡಿಯ ರಬ್ಬರ್ ಹಾರ್ನನ್ನು ಬಿಚ್ಚಿ, ಉಳಿದವರಲ್ಲಿ ಒಬ್ಬ ತನ್ನ ಗಾಡಿಗೆ ಕಟ್ಟಿಕೊಳ್ಳುತ್ತಾನೆ. ತನ್ನ ಲೈನು ಮುಗಿಸಿ, ಆಮೇಲೆ ಆ ಹಾರ್ನ್ ಒತ್ತುತ್ತಾ ಬಿದ್ದವನ ಲೈನಿಗೆ ಹೋಗುತ್ತಾನೆ. ಹೆಂಗಸರು ಸದ್ದು ಗುರುತಿಸಿ ಪಾತ್ರೆ ಹಿಡಿದು ಬರುತ್ತಾರೆ. ಗಿರಾಕಿ ಕೈತಪ್ಪುವುದಿಲ್ಲ. ಬಿದ್ದವನು ಎದ್ದು ಬಂದ ದಿನ ಹಾರ್ನು ಅವನ ಗಾಡಿಗೆ ವಾಪಸ್ಸು. ಇದನ್ನು ಯಾವ ಸಂಘದವರೂ ಬರೆದು ಮಾಡಿದ್ದಲ್ಲ, ಸಂಘ ಗಿಂಘ ಅವರಿಗೆ ಇಲ್ಲವೇ ಇಲ್ಲ.

ನಾಗು ಬಿದ್ದದ್ದು ತೊಂಬತ್ತೇಳರಲ್ಲಿ, ಮರವಂತೆಯ ಹತ್ತಿರ, ಲಾರಿಗೆ ದಾರಿ ಬಿಡಲು ಹೋಗಿ. ಮೂರು ತಿಂಗಳು ಹಾಸಿಗೆ. ಆಗ ಅವನ ಲೈನು ನೋಡಿಕೊಂಡವನು ಗಣಪ, ಅವನಿಗಿಂತ ಹತ್ತು ವರ್ಷ ದೊಡ್ಡವನು. ಎದ್ದು ಬಂದ ಮೇಲೆ ನಾಗು ಒಂದು ಕೆಲಸ ತಾನಾಗಿ ಹಚ್ಚಿಕೊಂಡ. ಪೆಟ್ಟಿಗೆಯವರಲ್ಲಿ ಯಾರೇ ಬೀಳಲಿ, ಮಾರನೇ ದಿನ ಅವನ ಮಂಚದ ಪಕ್ಕ ನಾಗು ಹಾಜರು. ಲುಂಗಿ ಸರಿಸಿ ತೊಡೆಯ ಹೊಲಿಗೆ ತೋರಿಸುತ್ತಾನೆ, ಎದೆ ಉಬ್ಬಿಸುತ್ತಾನೆ.

“ಕಾಣ್ ಇಲ್ಲ್. ಮೂರ್ ತಿಂಗ್ಳ್ ಮಲ್ಗಿದ್ದೆ. ಒಂದ್ ಸಲ ‘ಅಬ್ಬೇ’ ಅಂದಿದ್ನಾ ಕೇಣ್. ನೋವ್ ಅಂದ್ರೆ ಎಲುಬ್ ಕೂಡ್ತಾ ಇತ್ತ್ ಅಂದೇಳಿ. ಹಲ್ಲ್ ಕಚ್ಕಂಡ್ ಮಲ್ಕೋ, ಗಂಡ್ಸಲ್ದಾ ನೀನ್?”

ಕೇಳಿದವರಿಗೆ ಧೈರ್ಯ ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಒಂಬತ್ತು ವರ್ಷದಲ್ಲಿ ಐದಾರು ಜನ ಈ ಮಾತನ್ನೇ ಹಿಡಿದುಕೊಂಡು ಎದ್ದು ನಿಂತರು. ಅವನ ಹೆಂಡತಿ ಅಕ್ಕು ಒಬ್ಬಳು ಮಾತ್ರ ಈ ಕತೆ ಶುರುವಾದ ಕೂಡಲೇ ಎದ್ದು ಒಳಗೆ ಹೋಗುತ್ತಿದ್ದಳು.

ಎರಡು ಸಾವಿರದ ಆರನೇ ಇಸವಿಯ ಸೆಪ್ಟೆಂಬರಿನಲ್ಲಿ ಜಿತೇಂದ್ರ ಬಿದ್ದ. ಇಪ್ಪತ್ತೇಳರ ಪ್ರಾಯ, ಮದುವೆಯಾಗಿ ವರ್ಷ ಆಗಿತ್ತಷ್ಟೆ. ವಂಡ್ಸೆ, ಚಿತ್ತೂರು ಅವನ ಲೈನು. ಖಾಲಿ ಪೆಟ್ಟಿಗೆ ಕಟ್ಟಿಕೊಂಡು ವಾಪಸ್ಸು ಬರುವಾಗ ಹೆಮ್ಮಾಡಿಯ ಹತ್ತಿರ ದನ ಅಡ್ಡ ಬಂತು. ಎಡಗಾಲಿನ ಮೊಣಕಾಲ ಕೆಳಗಿನ ಮೂಳೆ ಎರಡು ತುಂಡು. ಕುಂದಾಪುರದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ಪ್ಲಾಸ್ಟರಿನ ಅರ್ಧ ಪಟ್ಟಿ ಹಾಕಿ ಮನೆಗೆ ಕಳಿಸಿದರು. ವಾರದೊಳಗೆ ಬಂದು ಗಾಯ ತೋರಿಸಿ, ನೋವು ಜಾಸ್ತಿಯಾದರೆ, ಜ್ವರ ಬಂದರೆ ಕೂಡಲೇ ಬನ್ನಿ ಎಂದು ಎರಡೆರಡು ಸಲ ಹೇಳಿದ್ದರು.

ಜಿತೇಂದ್ರನ ಹಾರ್ನು ಕಟ್ಟಿಕೊಂಡವನು ನಾಗುವೇ. ಸರಳು ಹಾಕಿದ ಕಾಲಿನಲ್ಲಿ ಎರಡು ಲೈನು! ಮಧ್ಯಾಹ್ನ ಮೂರಕ್ಕೆ ಮುಗಿಸಿ, ನೇರ ಜಿತೇಂದ್ರನ ಮನೆಗೆ ಬಂದು, ಅರ್ಧ ಗಂಟೆ ಕೂತು, ಅದೇ ಕತೆ ಹೇಳಿ ಹೋಗುತ್ತಿದ್ದ. ಅವನ ಹಿಂದೆ ಗಣಪ, ಅವನ ಹಿಂದೆ ಇನ್ನಿಬ್ಬರು. ಬಂದವರೆಲ್ಲ ಹೇಂಗಿತ್ತ್ ಎಂದು ಕೇಳುವುದು, ಜಿತೇಂದ್ರ ಅಡ್ಡಿಲ್ಲೆ ಎನ್ನುವುದು. ಹೀಗೆ ಹನ್ನೊಂದು ದಿನ ಹೋಯಿತು. ವಾರಕ್ಕೆ ತೋರಿಸಬೇಕಾದ ಗಾಯವನ್ನು ನಾಳೆ ನಾಳೆ ಎಂದು ಜಿತೇಂದ್ರ ಮುಂದೆ ಹಾಕಿದ್ದ.

ಹನ್ನೆರಡನೇ ದಿನ ಕಡಲು ಕೆಟ್ಟಿತು. ದೋಣಿ ಇಳಿಯಲಿಲ್ಲ, ಏಲಂ ಇಲ್ಲ, ಮೀನಿಲ್ಲ. ನಾಗು ಅಪರೂಪಕ್ಕೆ ಬೆಳಿಗ್ಗೆಯೇ ತಲೆಗೆ ಎಣ್ಣೆ ಹಾಕಿ ಮಿಂದು, ಇಸ್ತ್ರಿ ಅಂಗಿ ಹಾಕಿಕೊಂಡು, ಹತ್ತು ಗಂಟೆಗೆ ಜಿತೇಂದ್ರನ ಮನೆಗೆ ಬಂದ. ಬಾಗಿಲಲ್ಲಿ ಜಿತೇಂದ್ರನ ಹೆಂಡತಿ ದಿವ್ಯಾ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತಿದ್ದಳು.

ಒಳಗೆ ಕಾಲಿಟ್ಟ ನಾಗುವಿಗೆ ಮೂಗಿಗೆ ಬಡಿಯಿತು. ಹಳಸಿದ ಮೀನಿನ ವಾಸನೆ. ಹನ್ನೊಂದು ದಿನವೂ ಇತ್ತು ಅದು, ಅವನಿಗೆ ಗೊತ್ತಿತ್ತು. ಪೆಟ್ಟಿಗೆಯವರು ಕೂತ ಕೋಣೆ ಮೀನು ನಾರದೆ ಮಲ್ಲಿಗೆ ನಾರುತ್ತದೆಯೇ! ಅವನು ತಲೆಕೆಡಿಸಿಕೊಂಡಿರಲಿಲ್ಲ. ಈಗ ತನ್ನ ಅಂಗಿ ಮೂಸಿ ನೋಡಿದ. ಸಾಬೂನಿನ ಪರಿಮಳ. ಕೈ ಮೂಸಿದ. ಏನಿಲ್ಲ.

“ದಿವ್ಯಾ, ಇವತ್ತ್ ಬೆಳಿಗ್ಗೆ ಯಾರಾರೂ ಬಂದಿದ್ರಾ?”

“ಇಲ್ಲೆ ನಾಗಣ್ಣ. ನಿನ್ನೆ ನೀವೆಲ್ಲ ಹೋದ್ ಮೇಲೆ ಯಾರೂ ಬರ್ಲಿಲ್ಲೆ. ಎಷ್ಟ್ ಒರ್ಸಿರೂ ನಿಮ್ ಮೀನಿನ್ ವಾಸ್ನಿ ಹೋತಿಲ್ಲೆ ಕಾಣಿ,” ಎಂದು ಅವಳು ನಕ್ಕಳು.

ಹಾಗಾದರೆ ಈ ವಾಸನೆ ಮೀನಿನದಲ್ಲ. ನಾಗು ಮಂಚದ ಹತ್ತಿರ ಹೋಗಿ ಬಗ್ಗಿ ಪಟ್ಟಿಯನ್ನು ಮೂಸಿದ. ನಾರುತ್ತಿದ್ದದ್ದು ಅದೇ. ಹೊದಿಕೆ ಎಳೆದ. ಕಾಲು ಬಾತು ಪಟ್ಟಿಯ ಅಂಚು ಮಾಂಸದೊಳಗೆ ಕೂತಿತ್ತು, ಬೆರಳುಗಳು ನೇರಳೆ ಬಣ್ಣ. ಹಣೆ ಮುಟ್ಟಿದರೆ ಕಾದ ಕಾವಲಿ.

“ಎಂತ ಮಾರಾಯಾ ಇದ್! ಜ್ವರ ಯಾವತ್ತಿಂದ?”

“ಅಡ್ಡಿಲ್ಲೆ ನಾಗಣ್ಣ,” ಎಂದ ಜಿತೇಂದ್ರ. ತುಟಿ ಒಣಗಿತ್ತು. “ಎಲುಬ್ ಕೂಡ್ತಾ ಇತ್ತ್.”

ಅದು ನಾಗುವಿನದೇ ಮಾತು. ನಾಗು ಅಂಗಳಕ್ಕೆ ಓಡಿ, ಹ್ವಾಯ್ ಗಣಪಣ್ಣಾ ಎಂದು ಕೂಗಿದ ಕೂಗಿಗೆ ಮೂರು ಮನೆಯಾಚೆ ಇದ್ದ ಗಣಪ ಚಾ ಲೋಟ ಹಿಡಿದುಕೊಂಡೇ ಓಡಿ ಬಂದ. ಬಾಡಿಗೆಯ ಓಮ್ನಿ ಬಂತು. ಹಿಂದಿನ ಸೀಟಿನಲ್ಲಿ ಜಿತೇಂದ್ರನನ್ನು ಉದ್ದಕ್ಕೆ ಮಲಗಿಸಿ, ಅವನ ತಲೆಯನ್ನು ದಿವ್ಯಾ ತೊಡೆಯ ಮೇಲೆ ಇಟ್ಟುಕೊಂಡಳು. ನಾಗು ಬಾಗಿಲಿಗೆ ಒತ್ತಿ ಕೂತು, ಆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡ. ಗಣಪ, ಮತ್ತಿಬ್ಬರು ಪೆಟ್ಟಿಗೆಯವರು ಗಾಡಿ ಏರಿ ಮುಂದಿನಿಂದ ಹಾರ್ನ್ ಒತ್ತುತ್ತಾ ದಾರಿ ಬಿಡಿಸಿದರು. ಆ ವರ್ಷದ ಮಳೆಗೆ ಹೈವೇ ಹೊಂಡ ಬಿದ್ದು ಹೋಗಿತ್ತು. ಒಂದೊಂದು ಹೊಂಡಕ್ಕೂ ಓಮ್ನಿ ಎದ್ದು ಬಿದ್ದಾಗ ನಾಗುವೇ ಅಯ್ಯೋ ಅನ್ನುತ್ತಿದ್ದ. ಜಿತೇಂದ್ರ ಕಣ್ಣು ಮುಚ್ಚಿ, ದವಡೆ ಬಿಗಿದು, ಒಂದು ಸದ್ದೂ ಮಾಡಲಿಲ್ಲ.

ಆಸ್ಪತ್ರೆಯಲ್ಲಿ ಪಟ್ಟಿ ಕತ್ತರಿಸಿದರು. ನರ್ಸಮ್ಮ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ಆಪರೇಷನ್ ಮಾಡಿದ್ದ ಡಾಕ್ಟರು ಬಂದು ನೋಡಿ, ಮುಖ ಗಂಟಿಕ್ಕಿ, ಪಾದವನ್ನು ಅಲ್ಲಲ್ಲಿ ಒತ್ತಿ, ಬೆರಳುಗಳ ಬಣ್ಣ ನೋಡಿದರು. ಕೀವು ತೆಗೆಯಲು ಹೇಗೂ ಒಳಗೆ ಕರೆದೊಯ್ಯಲೇಬೇಕಿತ್ತು. ಕಾಲನ್ನು ಉಳಿಸುವುದೋ, ಮೊಣಕಾಲ ಕೆಳಗೆ ತೆಗೆಯುವುದೋ ಎಂಬುದಷ್ಟೇ ಉಳಿದಿತ್ತು.

“ರಕ್ತ ಸ್ವಲ್ಪ ಓಡಾಡ್ತಾ ಇದೆ. ಆದರೆ ಪಾದದಲ್ಲಿ ಜೀವ ಇದೆಯಾ ನೋಡಬೇಕು,” ಎಂದರು ದಿವ್ಯಾಳಿಗೆ. “ಸ್ಪರ್ಶ ಹೋಗಿದ್ದರೆ ಇಟ್ಟುಕೊಂಡು ಪ್ರಯೋಜನ ಇಲ್ಲಮ್ಮ, ವಿಷ ಮೇಲೆ ಏರ್ತದೆ, ಇವರೇ ಉಳಿಯುವುದಿಲ್ಲ.”

ಸೂಜಿ ತೆಗೆದು ಜಿತೇಂದ್ರನ ಅಂಗಾಲಿಗೆ ಚುಚ್ಚಿದರು. “ಗೊತ್ತಾಗ್ತದಾ? ನೋಯ್ತದಾ?”

“ಇಲ್ಲೆ ಡಾಕ್ಟ್ರೇ. ಎಂತ ನೋವಿಲ್ಲೆ.”

ಹೆಬ್ಬೆರಳ ಬುಡಕ್ಕೆ ಚುಚ್ಚಿದರು. “ಇಲ್ಲಿ?”

“ನೋವಿಲ್ಲೆ.”

ಹಿಮ್ಮಡಿಗೆ ಚುಚ್ಚಿದರು. ನೋವಿಲ್ಲೆ. ಡಾಕ್ಟರು ನಿಟ್ಟುಸಿರು ಬಿಟ್ಟು ನರ್ಸಮ್ಮನಿಗೆ ಒಪ್ಪಿಗೆಯ ಕಾಗದ ತರಲು ಹೇಳಿದರು.

ನಾಗು ಕಾಲಿನ ಕಡೆ ನೋಡುತ್ತಿರಲಿಲ್ಲ. ಅವನ ಕಣ್ಣು ಜಿತೇಂದ್ರನ ಕೈಯ ಮೇಲಿತ್ತು. ಮಂಚದ ಕಬ್ಬಿಣವನ್ನು ಹಿಡಿದ ಆ ಕೈಯ ಗೆಣ್ಣುಗಳು ಬೆಳ್ಳಗಾಗಿದ್ದವು, ಮೂರು ಸಲ ಸೂಜಿ ಇಳಿದಾಗಲೂ ಮೂರು ಸಲ ಆ ಕೈ ಅದುರಿತ್ತು. ಎಂಥ ಹುಚ್ಚು ಮಾರಾಯ! ನೋವಿಲ್ಲ ಎಂದರೆ ಮನೆಗೆ ಬಿಡುತ್ತಾರೆ, ಬೇಗ ಗಾಡಿ ಏರಬಹುದು ಎಂದು ಈ ಪುಣ್ಯಾತ್ಮ ಲೆಕ್ಕ ಹಾಕಿದ್ದಾನೆ. ಕಾಲು ಹೋಗುತ್ತಿರುವುದು ಜ್ವರದ ತಲೆಗೆ ಹೊಳೆಯುತ್ತಲೇ ಇಲ್ಲ.

“ಡಾಕ್ಟ್ರೇ, ಅವ ಸುಳ್ಳ್ ಹೇಳ್ತಾ ಇದ್ದ!” ಎಂದು ನಾಗು ಕೂಗಿದ. “ಅವ್ನಿಗ್ ನೋವಿತ್ತ್!”

“ಅವರೇ ಇಲ್ಲ ಅಂತಿದ್ದಾರಲ್ಲ. ನೀವು ಹೊರಗೆ ನಿಲ್ಲಿ.”

ನಾಗು ಹೊರಗೆ ಹೋಗಲಿಲ್ಲ. ಜಿತೇಂದ್ರನ ಮುಖವನ್ನು ಎರಡೂ ಕೈಯಲ್ಲಿ ಹಿಡಿದ. “ಜಿತು, ಹೇಳ್ ಮಗಾ. ನೋವಿದ್ರೆ ನೋವ್ ಅಂದೇಳಿ ಹೇಳ್. ಬೊಬ್ಬೆ ಹೊಡಿ.”

ಜಿತೇಂದ್ರ ತಲೆ ಅಲ್ಲಾಡಿಸಿದ. “ನೀವ್ ಹೇಳಿರಲೆ ನಾಗಣ್ಣ. ಒಂದ್ ಸಲವೂ ‘ಅಬ್ಬೇ’ ಅನ್ಲಿಲ್ಲೆ ಅಂದೇಳಿ.”

ಬಾಗಿಲಲ್ಲಿ ಗಣಪ ನಿಂತಿದ್ದ, ಅವನ ಹಿಂದೆ ಮತ್ತಿಬ್ಬರು. ಅವರೆಲ್ಲರ ಮುಂದೆ ಒಂಬತ್ತು ವರ್ಷದಿಂದ ಹೊತ್ತು ತಿರುಗಿದ ಮರ್ಯಾದೆ ಅದು. ನಾಗು ಅವರ ಕಡೆ ನೋಡಿದ. ನರ್ಸಮ್ಮ ಕಾಗದ, ಪೆನ್ನು ಹಿಡಿದು ಬಂದದ್ದನ್ನು ಕಂಡ.

“ಸುಳ್ಳ್ ಮಗಾ, ಪೂರಾ ಸುಳ್ಳ್,” ಎಂದ. “ಮೂರ್ ತಿಂಗ್ಳೂ ಕಣ್ಣೀರ್ ಹಾಕಿ ಮರ್ಕಿದ್ದೆ ನಾನ್. ಅಕ್ಕು ಸೆರಗ್ ಕಚ್ಕಂಡ್ ಮರ್ಕಿದ್ದೆ. ಹಾಸ್ಗಿಯಂಗೆ ಉಚ್ಚೆ ಹೊಯ್ಕಂಡಿದ್ದೆ. ಸಾಯ್ತೆ, ವಿಷ ಕೊಡ್ ಅಂದೇಳಿ ಅವ್ಳ್ ಕಾಲ್ ಹಿಡ್ದಿದ್ದೆ. ನಾಚ್ಕಿ ಆಯಿ ನಿಮ್ಗೆಲ್ಲ ಸುಳ್ಳ್ ಹೇಳ್ದೆ. ಗಂಡ್ಸೂ ಅಲ್ಲ, ಎಂತದೂ ಅಲ್ಲ ನಾನ್. ಈಗ ಕೂಗ್ ಮಾರಾಯಾ, ನಿನ್ ಕಾಲ್ ತೆಗಿತ್ರ್!”

ಜಿತೇಂದ್ರ ಅವನನ್ನೇ ನೋಡಿದ. ಡಾಕ್ಟರು ಕಾಗದವನ್ನು ಪಕ್ಕಕ್ಕೆ ಸರಿಸಿ ಮತ್ತೆ ಸೂಜಿ ಎತ್ತಿಕೊಂಡರು. ಈ ಸಲ ಜಿತೇಂದ್ರನ ಮುಖಕ್ಕೆ ಟವೆಲ್ ಅಡ್ಡ ಹಿಡಿಸಿದರು, ಎಲ್ಲಿ ಚುಚ್ಚುತ್ತಾರೆಂದು ಅವನಿಗೆ ಕಾಣದಂತೆ. ಅಂಗಾಲಿಗೆ ಚುಚ್ಚಿದರು.

“ಅಬ್ಬೇ! ಸತ್ತೆ!”

ಹೊರಗೆ ಚೀಟಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವ ಕೂಗು ಅದು. ಡಾಕ್ಟರು ಹಿಮ್ಮಡಿಗೆ ಹೋದರು. ಅಬ್ಬೇ! ಹೆಬ್ಬೆರಳಿಗೆ ಹೋದರು. ಇನ್ನೂ ದೊಡ್ಡದಾಗಿ ಅಬ್ಬೇ! ಕಿರುಬೆರಳು, ಅದರ ಪಕ್ಕದ್ದು, ಎರಡರಲ್ಲಿ ಮಾತ್ರ ಸದ್ದಿಲ್ಲ.

“ಇವೆರಡು ಹೋಗ್ತವೆ. ಕಾಲು ಉಳಿಸಲು ನೋಡುವ, ಪ್ರಯತ್ನ ಮಾಡ್ತೇನೆ,” ಎಂದು ಅವರು ಗಡಿಬಿಡಿಯಿಂದ ಗಾಲಿ ಮಂಚ ತಳ್ಳಿಸಿದರು.

ಒಳಗೆ ಎರಡೂವರೆ ಗಂಟೆ. ವರಾಂಡದ ಬೆಂಚಿನಲ್ಲಿ ನಾಗು ಯಾರ ಮುಖವನ್ನೂ ನೋಡದೆ ಕೂತ. ಗಣಪ ಬಂದು ಪಕ್ಕದಲ್ಲಿ ಕೂತು ಹೇಳಿದ, “ನೀ ಮರ್ಕುದ್ ದಾರಿ ಮೇಲ್ ಕೇಂತಿತ್ ಮಾರಾಯಾ, ಆಗ.”

“ಮತ್ತೆ ಯಾಕ್ ಹೇಳ್ಲಿಲ್ಲೆ?”

“ಎಂತಕ್ ಹೇಳುದ್? ನಿನ್ ಮರ್ಯಾದಿ ತೆಗುಕಾ?”

ಕಾಲು ಉಳಿಯಿತು. ಅದು ಗಟ್ಟಿಯಾಗಿ ಹೇಳಲು ಡಾಕ್ಟರು ಆರು ದಿನ ತೆಗೆದುಕೊಂಡರು. ಆ ಆರು ದಿನವೂ ನಾಗು ಎರಡು ಲೈನು ಮುಗಿಸಿ ಆಸ್ಪತ್ರೆಗೆ ಬಂದು, ವಾರ್ಡಿನ ಬಾಗಿಲವರೆಗೆ ಹೋಗಿ, ದಿವ್ಯಾಳನ್ನು ವಿಚಾರಿಸಿ ವಾಪಸ್ಸಾಗುತ್ತಿದ್ದ. ಒಳಗೆ ಹೋಗಲು ಅವನಿಗೆ ಮುಖವಿರಲಿಲ್ಲ. ಏಳನೇ ದಿನ ಜಿತೇಂದ್ರನೇ ಹೇಳಿ ಕಳಿಸಿದ.

ನಾಗು ಹೋಗಿ ಸ್ಟೂಲಿನ ತುದಿಯಲ್ಲಿ ಕೂತ. ಲುಂಗಿ ಸರಿಸಲಿಲ್ಲ, ಕತೆ ಹೇಳಲಿಲ್ಲ. ಜಿತೇಂದ್ರ ಮಾಡಿನ ಫ್ಯಾನು ನೋಡುತ್ತಾ ಮಲಗಿದ್ದ.

“ಮೂರ್ನೇ ದಿನವೇ ತಡಿಯುಕ್ ಆತಿರ್ಲಿಲ್ಲೆ ನಾಗಣ್ಣ,” ಎಂದ. “ನೀವ್ ಆ ಕಾಲಂಗೆ ನನ್ ಲೈನ್ ಓಡ್ಸ್ತಾ ಇದ್ರಿ. ಬಂದ್ ಕೂಕಂಡ್ ಕೂಡ್ಲೆ ತೊಡಿ ತಿಕ್ಕಂತಿದ್ರಿ. ಆ ನೋವಲ್ಲೂ ನೀವ್ ಬಾಯಿ ಬಿಡುದಿಲ್ಲೆ, ಇನ್ ನಾನ್ ಹ್ಯಾಂಗ್ ಮಲ್ಕಂಡ್ ನೋವ್ ಅಂಬುದ್?”

ನಾಗುವಿಗೆ ಅಳು ಬಂತು. ಸಣ್ಣ ಅಳುವಲ್ಲ, ಭುಜ ಕುಣಿಯುವ ದೊಡ್ಡ ಅಳು. ಟವೆಲಿನಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ, ಆಮೇಲೆ ಟವೆಲನ್ನೂ ಬಿಟ್ಟ. ಅಕ್ಕಪಕ್ಕದ ಮಂಚದವರು ಎದ್ದು ಕೂತರು.

ನರ್ಸಮ್ಮ ಮಾತ್ರೆಯ ತಟ್ಟೆ ಹಿಡಿದು ಓಡಿ ಬಂದಳು. “ಯಾರಿಗೆ ನೋವು ಇಲ್ಲಿ? ಯಾರಿಗೆ?”

ಜಿತೇಂದ್ರ ಕೈ ಎತ್ತಿ ನಾಗುವನ್ನು ತೋರಿಸಿದ.